ರಾಜೇಸಾಬನ ಹನಿ

ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೇ ಬಂದಿರದ ಕಾಲದಲ್ಲಿ, ಮರಳಗಟ್ಟಿ ಅಂತ ಒಂದು ಊರಿತ್ತು. ಊರೊಳಗೆ ಒಂದು ಓಣಿ. ಓಣಿಯ ತುಂಬ ಬಟ್ಟೆ ಹೊಲಿಯುವ ಸಿಂಪಿಗರ ಮನೆಗಳು. ಆಗ ಹೊಲಿಗೆ ಯಂತ್ರ ಇರಲಿಲ್ಲ. ಸೂಜಿ, ದಾರ, ಕತ್ತರಿ, ಕೂತು ಕೂತು ಬಾಗಿದ ಬೆನ್ನು, ಇಷ್ಟೇ. ಹೂಂ ಅನ್ನಿರಿ ಹುಡುಗಿಯರಾ. ನೀವು ಹೂಂ ಅನ್ನದಿದ್ದರೆ ನನ್ನ ಕಥೆ ಕುಂಟುತ್ತದೆ.

ಆ ಓಣಿಗೆ ವರ್ಷಕ್ಕೊಮ್ಮೆ, ಬನ್ನಿ ಹಬ್ಬ ಮುಗಿದ ಮೇಲೆ, ಒಬ್ಬ ಮನುಷ್ಯ ಬರುತ್ತಿದ್ದ. ಸಾಣೆ ಹಿಡಿಯುವ ರಾಜೇಸಾಬ. ಹೆಗಲ ಮೇಲೆ ಮರದ ಚೌಕಟ್ಟು, ಚೌಕಟ್ಟಿನಲ್ಲಿ ಕಲ್ಲಿನ ಗಾಲಿ, ಸೊಂಟದಲ್ಲಿ ಒಂದು ಎಣ್ಣೆ ಕುಪ್ಪಿ. ನಾನು ಅವನನ್ನು ಕಂಡಿಲ್ಲ. ನನಗೆ ಹೇಳಿದವರೂ ಕಂಡಿಲ್ಲ. ಆದರೂ ಅವನ ಗಡ್ಡ ಯಾವ ಕಡೆ ಹೆಚ್ಚು ನರೆತಿತ್ತು ಅಂತ ಕೇಳಿ, ಹೇಳುತ್ತೇನೆ. ಎಡಗಡೆ. ಗಾಲಿಯ ಕಿಡಿ ಹಾರುತ್ತಿದ್ದದ್ದು ಆ ಕಡೆಗೇ ಅಲ್ಲವೇ.

ಅವನ ಬಗ್ಗೆ ಏನೇನೋ ಅನ್ನುತ್ತಾರೆ. ಊರ ಬಾವಿಯ ಹತ್ತಿರ ಬರುವಾಗಲೇ ಓಣಿಯೊಳಗಿನ ಕತ್ತರಿಗಳ ಸದ್ದು ಅವನಿಗೆ ಕೇಳುತ್ತಿತ್ತಂತೆ. ಅದು ತುದಿಗೆ ಮೊಂಡು, ಇದು ನಡುವಿಗೆ ಮೊಂಡು, ಆ ಮೂಲೆ ಮನೆಯದು ಕೈಜಾರಿ ಕಲ್ಲಿನ ಮೇಲೆ ಬಿದ್ದಿದೆ ಅಂತ ನಡೆಯುತ್ತ ನಡೆಯುತ್ತಲೇ ಹೇಳುತ್ತಿದ್ದನಂತೆ. ಒಮ್ಮೆ ಒಂದು ಮನೆಯ ಮುಂದೆ ನಿಂತು, ಈ ಮನೆಯ ಬಟ್ಟೆ ಕತ್ತರಿಯಲ್ಲಿ ಯಾರೋ ಕೂದಲು ಕತ್ತರಿಸಿದ್ದಾರೆ ಅಂದನಂತೆ. ಮನೆಯ ಹೆಂಗಸರೆಲ್ಲ ಇಲ್ಲ ಇಲ್ಲ, ಅಂಥ ಕೆಲಸ ನಮ್ಮಲ್ಲಿಲ್ಲ ಅಂದರಂತೆ. ಅಷ್ಟರಲ್ಲಿ ಒಳಗಿಂದ ಯಜಮಾನ ಮುಖ ಒರೆಸಿಕೊಳ್ಳುತ್ತ ಬಂದನಂತೆ. ಒಂದು ಕಡೆ ಮೀಸೆ ಗಿಡ್ಡ, ಇನ್ನೊಂದು ಕಡೆ ಉದ್ದ.

ರಾಜೇಸಾಬ ಸಾಣೆ ಹಿಡಿದ ಕತ್ತರಿ ನೆರಳನ್ನೂ ಕತ್ತರಿಸುತ್ತಿತ್ತು ಅನ್ನುವವರಿದ್ದಾರೆ. ಅದನ್ನು ನಾನು ನಂಬುವುದಿಲ್ಲ. ಒದ್ದೆ ಮಲ್‌ಮಲ್ ಬಟ್ಟೆಯನ್ನು ಬರೀ ತುದಿಯಿಂದ, ಒಂದು ಎಳೆಯೂ ಜಗ್ಗದ ಹಾಗೆ ಕತ್ತರಿಸುತ್ತಿತ್ತು ಅನ್ನುತ್ತಾರಲ್ಲ, ಅದನ್ನು ನಂಬುತ್ತೇನೆ. ನೆರಳಿಗಿಂತ ಅದು ಕಷ್ಟ.

ಇನ್ನು ಆ ಓಣಿಯ ಪದ್ಧತಿ ಹೇಳುತ್ತೇನೆ, ಕೇಳಿರಿ.

ಮಹಾನವಮಿಯ ದಿನ ಎಲ್ಲ ಕಡೆಯ ಹಾಗೆ ಅಲ್ಲಿಯೂ ಖಂಡೇಪೂಜೆ, ಅಂದರೆ ಆಯುಧಗಳ ಪೂಜೆ. ರೈತ ಕುಡಗೋಲು ಇಟ್ಟರೆ ಸಿಂಪಿಗರು ಕತ್ತರಿ ಇಡುತ್ತಿದ್ದರು. ಕತ್ತರಿಗೆ ನೀರು ಹಾಕಿ ತೊಳೆಯುವುದು, ಮೇಲೆ ಹಾಲು ಸುರಿಯುವುದು, ಎರಡು ಅಲಗು ಕೂಡುವ ಮೊಳೆಯ ಮೇಲೆ ಅರಿಶಿನ ಕುಂಕುಮ ದಪ್ಪಗೆ ಮೆತ್ತುವುದು. ಕತ್ತರಿ ಬಾಯಿ ತೆರೆದುಕೊಂಡಿದ್ದರೆ ಮನೆಯಲ್ಲಿ ಜಗಳ ಅಂತ ಅದರ ಬಾಯಿ ಮುಚ್ಚಿ, ಹಸಿ ದಾರ ಸುತ್ತಿ, ದೇವರ ಜಗುಲಿಯ ಮೇಲೆ ಮಲಗಿಸುವುದು. ಬನ್ನಿ ಹಂಚುವವರೆಗೂ ಮುಟ್ಟುವ ಹಾಗಿಲ್ಲ. ಆಮೇಲೆ ದಾರ ಬಿಚ್ಚಿ ನೋಡಿದರೆ ಕತ್ತರಿ ಮೊಂಡಾಗಿರುತ್ತಿತ್ತು. ಪ್ರತಿ ವರ್ಷ ಹಾಗೆಯೇ. ಅದಕ್ಕೆ ಓಣಿಯವರು ಏನನ್ನುತ್ತಿದ್ದರು ಗೊತ್ತೇ? ದೇವಿ ಬಂದು ಹರಿತವನ್ನು ಉಂಡು ಹೋದಳು ಅನ್ನುತ್ತಿದ್ದರು. ನಮ್ಮ ನೈವೇದ್ಯ ಸಂದಿತು ಅಂತ ಕೈ ಮುಗಿದು, ರಾಜೇಸಾಬನ ದಾರಿ ಕಾಯುತ್ತಿದ್ದರು. ದೇವಿ ಉಂಡದ್ದನ್ನು ಸಾಬಣ್ಣ ತುಂಬಿಕೊಡುತ್ತಾನೆ ಅನ್ನುವುದು ಅವರ ಲೆಕ್ಕ. ಮೊಂಡಾಗದೆ ಉಳಿದ ಕತ್ತರಿಯೇನಾದರೂ ಇದ್ದರೆ ಆ ಮನೆಯವರಿಗೇ ಚಿಂತೆ, ದೇವಿ ನಮ್ಮ ಮನೆಗೆ ಬರಲಿಲ್ಲವಲ್ಲ ಅಂತ!

ಆ ಓಣಿಯಲ್ಲಿ ಎಲ್ಲಕ್ಕಿಂತ ಹಳೆಯ ಕತ್ತರಿ ಬಸಲಿಂಗವ್ವನ ಮನೆಯದು. ದೊಡ್ಡ ಕತ್ತರಿ ಅಂತಲೇ ಅದರ ಹೆಸರು. ಹಿಡಿ ಎಷ್ಟೋ ತಲೆಮಾರಿನ ಹೆಬ್ಬೆರಳು ತಿಕ್ಕಿ ತಿಕ್ಕಿ ಕನ್ನಡಿಯ ಹಾಗಾಗಿತ್ತಂತೆ. ದೀಪಾವಳಿಯ ಹೊಲಿಗೆ ಶುರುವಾಗಬೇಕಾದರೆ ಮೊದಲ ಬಟ್ಟೆಯನ್ನು ಆ ಕತ್ತರಿಯೇ ಕತ್ತರಿಸಬೇಕು. ಅಲ್ಲಿಯ ತನಕ ಓಣಿಯಲ್ಲಿ ಇನ್ನೊಬ್ಬರು ಬಟ್ಟೆಗೆ ಕತ್ತರಿ ತಾಗಿಸುವ ಹಾಗಿಲ್ಲ.

ಬಸಲಿಂಗವ್ವನಿಗೆ ಒಬ್ಬನೇ ಮಗ, ಮುರಿಗೆಪ್ಪ. ಒಳ್ಳೆಯ ಕೆಲಸಗಾರ, ಆದರೆ ತಾಯಿಯ ಎದುರಿಗೆ ಬಾಯಿಗೆ ಹೊಲಿಗೆ ಬಿದ್ದವನ ಹಾಗೆ. ಅವನ ಹೆಂಡತಿ ದಾನವ್ವ. ಮದುವೆಯಾಗಿ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಆ ವರ್ಷ ನವಮಿಯ ದಿನ ಬಸಲಿಂಗವ್ವನಿಗೆ ಮೈ ಕಾದು ಏಳಲಾಗಲಿಲ್ಲ. ಕತ್ತರಿಯ ಪೂಜೆ ನೀನೇ ಮಾಡು ಅಂತ ಸೊಸೆಗೆ ಹೇಳಿದಳು. ದಾನವ್ವ ಅತ್ತೆ ಹೇಳಿದ ಹಾಗೆಯೇ ಮಾಡಿದಳು. ನೀರು, ಹಾಲು, ಅರಿಶಿನ, ಕುಂಕುಮ, ಹಸಿ ದಾರ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಬನ್ನಿ ಹಂಚಿದ ಮರುದಿನ ಓಣಿಯವರೆಲ್ಲ ದೊಡ್ಡ ಕತ್ತರಿಯ ಮುಂದೆ ಸೇರಿದರು. ದಾರ ಬಿಚ್ಚಿದರು. ಕತ್ತರಿ ಬಾಯಿ ತೆರೆಯಲಿಲ್ಲ.

ಮುರಿಗೆಪ್ಪ ಜಗ್ಗಿದ. ತೆರೆಯಲಿಲ್ಲ. ಅವನ ಜೊತೆ ಇನ್ನೊಬ್ಬ ಕೈ ಹಾಕಿದ. ತೆರೆಯಲಿಲ್ಲ. ಎರಡು ಅಲಗೂ ಒಂದೇ ಕಬ್ಬಿಣದ ಪಟ್ಟಿಯ ಹಾಗೆ ಅಂಟಿಕೊಂಡಿದ್ದವಂತೆ.

ಜ್ವರದಿಂದ ಎದ್ದು ಬಂದಿದ್ದ ಬಸಲಿಂಗವ್ವ ಕತ್ತರಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ನಾ ಇಷ್ಟ ವರ್ಷ ಮಾಡೀನಿ, ಒಮ್ಮೆನೂ ಹಿಂಗ ಆಗಿಲ್ಲ" ಅಂದಳು. "ಹರಿತ ಉಣ್ಣೂ ದೇವಿ ಈ ಸಲ ಬಾಯೇ ಮುಚ್ಚಿಕೊಂಡ್ಲು. ಈಕೀ ಕೈ ಆಕೀಗೆ ಬ್ಯಾಡಾತು."

ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ನೆನಪಾಯಿತಂತೆ. ಇವಳು ಬಂದ ಮೇಲೆಯೇ ಆ ಎಮ್ಮೆ ಹಾಲು ಕಡಿಮೆ ಮಾಡಿದ್ದು. ಇವಳು ಬಂದ ಮೇಲೆಯೇ ಆ ಗೋಡೆ ಬಿರುಕು ಬಿಟ್ಟದ್ದು. ನೆನಪುಗಳಿಗೇನು, ಕರೆದರೆ ಓಡಿ ಬರುತ್ತವೆ. ದೇವಿಯ ಸಿಟ್ಟು ಇಳಿಯುವ ತನಕ ಸೊಸೆಯನ್ನು ತವರಿಗೆ ಕಳಿಸುವುದು ಅಂತ ಬಸಲಿಂಗವ್ವ ತೀರ್ಮಾನ ಮಾಡಿದಳು. ದೇವಿಯ ಸಿಟ್ಟು ಇಳಿಯಿತು ಅಂತ ಹೇಳುವವರು ಯಾರು? ಹಾಗೆ ಹೋದ ಹೆಣ್ಣುಮಗಳನ್ನು ಮತ್ತೆ ಕರೆಸಿಕೊಂಡದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ದಾನವ್ವನಿಗೂ ಅದು ಗೊತ್ತಿತ್ತು. ಅವಳು ಒಳಗೆ ಹೋಗಿ, ತನ್ನ ಸೀರೆ ಕುಬಸ ಮಡಚಿ ಗಂಟು ಕಟ್ಟಿ, ಬಾಗಿಲ ಹತ್ತಿರ ಬಂದು ಕೂತಳು. ಮುರಿಗೆಪ್ಪ ಗಾಡಿಗೆ ಎತ್ತು ತರಲು ಹೋದವನು ಕೊಟ್ಟಿಗೆಯಲ್ಲೇ ನಿಂತುಬಿಟ್ಟ. ಎತ್ತಿನ ಕೊರಳು ಹಿಡಿದುಕೊಂಡು ಅತ್ತ ಅಂತಾರೆ. ಎತ್ತಿಗಲ್ಲದೆ ಇನ್ನಾರಿಗೂ ಅವನು ಹೇಳಿಕೊಳ್ಳುವ ಹಾಗಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಓಣಿಯ ತುದಿಯಲ್ಲಿ ರಾಜೇಸಾಬ ಕಾಣಿಸಿಕೊಂಡ.

ಅವತ್ತು ಅವನು ಬಾವಿಯ ಹತ್ತಿರವೇ ನಿಂತುಬಿಟ್ಟಿದ್ದನಂತೆ. ಒಂದೂ ಕತ್ತರಿಯ ಸದ್ದಿಲ್ಲದ ಓಣಿಯನ್ನು ಅವನು ಕೇಳಿರಲೇ ಇಲ್ಲ. ಯಾರಿಗೋ ಏನೋ ಆಗಿದೆ ಅಂದುಕೊಂಡು ಬೇಗಬೇಗ ಹೆಜ್ಜೆ ಹಾಕಿದನಂತೆ.

"ಬಂದ್ಯಾ ರಾಜೇಸಾಬ?" ಅಂದಳು ಬಸಲಿಂಗವ್ವ. "ನಿನ್ನ ಗಾಲಿಗೆ ಈ ಸಲ ಕೆಲಸ ಇಲ್ಲಪಾ. ಬಾಯಿ ತಗೀಲಾರದ ಕತ್ತರಿಗೆ ಎಂಥಾ ಸಾಣಿ?"

ಅವನು ಗಾಲಿ ಇಳಿಸಿ ಕಟ್ಟೆಯ ಮೇಲೆ ಕೂತು ನೀರು ಕೇಳಿದ. ದಾನವ್ವ ರೂಢಿಯ ಮೇಲೆ ಎದ್ದು ಹೋಗಿ ತಂಬಿಗೆ ತಂದಳು. ಅವನು ನೀರು ಕುಡಿದ, ಬಾಗಿಲ ಹತ್ತಿರದ ಗಂಟನ್ನು ನೋಡಿದ.

"ಎಲ್ಲಿಗವ್ವಾ ಪಯಣ?"

ದಾನವ್ವ ತಲೆ ಎತ್ತಲಿಲ್ಲ. ಅತ್ತೆಯೇ ಅಂದಳು, "ತವರಿಗೆ."

"ಯಾವ ಹಬ್ಬಕ್ಕ?"

"ಹಬ್ಬಕ್ಕಲ್ಲ."

ರಾಜೇಸಾಬ ತಂಬಿಗೆ ಕೆಳಗಿಟ್ಟ. ಕತ್ತರಿಯನ್ನು ಕೈಗೆ ತೆಗೆದುಕೊಂಡ. ಮೂಗಿನ ಹತ್ತಿರ ಹಿಡಿದ, ಕಿವಿಯ ಹತ್ತಿರ ಹಿಡಿದ, ಉಗುರಿನಿಂದ ಮೆಲ್ಲಗೆ ತಟ್ಟಿದ. ಕತ್ತರಿ ಅವನ ಕಿವಿಯಲ್ಲಿ ಗುಟ್ಟು ಹೇಳಿತು ಅಂತಾರೆ. ಗುಟ್ಟು ಏನಿರುತ್ತದೆ, ಅವನಿಗೆ ಅದು ಮೊದಲೇ ಗೊತ್ತಿತ್ತು. ನೀರು ಕುಡಿದು ಬಾಯಿ ಮುಚ್ಚಿ ಮಲಗಿದ ಕಬ್ಬಿಣ ಏನಾಗುತ್ತದೆ ಅಂತ ಸಾಣೆ ಹಿಡಿಯುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಇನ್ನೊಬ್ಬರ ದೇವರ ಮಾತು, ಇನ್ನೊಬ್ಬರ ಪೂಜೆಯ ಮಾತು. ನಾನು ಯಾರು ಹೇಳಲಿಕ್ಕೆ ಅಂತ ಅವನು ಇಷ್ಟು ವರ್ಷ ಮೊಳೆಯ ಕುಂಕುಮ ಮುಟ್ಟದೆ, ಅಲಗಿಗೆ ಮಾತ್ರ ಸಾಣೆ ಹಿಡಿದು ಸುಮ್ಮನಿದ್ದ. ಕಬ್ಬಿಣ ಸವೆದರೆ ಸವೆಯಲಿ ಅಂದುಕೊಂಡಿದ್ದ. ಈಗ ಬಾಗಿಲಲ್ಲಿ ಒಂದು ಗಂಟು ಕೂತಿತ್ತು. ಅದು ಕಬ್ಬಿಣದ ಮಾತಾಗಿ ಉಳಿದಿರಲಿಲ್ಲ.

ಅಷ್ಟರಲ್ಲಿ ಕಮ್ಮಾರ ಮೌನಪ್ಪ ಸುತ್ತಿಗೆ ಹಿಡಿದುಕೊಂಡು ಬಂದ. "ಸರಿ ನೀ ಅತ್ತಾಗ. ಒಂದ ಏಟು ಹಾಕ್ತೀನಿ, ಬಾಯಿ ತಗೀತೈತಿ."

"ಬಾಯಿನೂ ತಗೀತೈತಿ, ಹಲ್ಲೂ ಉದುರತಾವ" ಅಂದ ರಾಜೇಸಾಬ. "ಇಡಪಾ ಕೆಳಗ. ಇದು ಎತ್ತಿನ ಲಾಳ ಅಲ್ಲ."

ಆಮೇಲೆ ಬಸಲಿಂಗವ್ವನ ಕಡೆ ತಿರುಗಿದ. "ಎವ್ವಾ, ಗಾಡಿ ಹೂಡೂದು ನಿಮ್ಮ ಮನಿ ವಿಚಾರ. ಬ್ಯಾಡ ಅನ್ನಾಕ ನಾ ಯಾರು? ಆದರ ಕತ್ತರಿ ಬಾಯಿ ತಗದಮ್ಯಾಲ ಹೂಡ್ರಿ. ಒಳಗ ಏನ ಇಟ್ಟುಕೊಂಡೈತೋ ನೋಡೂನು."

ಬಸಲಿಂಗವ್ವ ಆಗಲಿ ಅಂದಳಂತೆ.

ರಾಜೇಸಾಬ ಕುಪ್ಪಿ ತೆಗೆದು ಮೊಳೆಯ ಮೇಲೆ ಒಂದು ಹನಿ ಎಣ್ಣೆ ಬಿಟ್ಟ. ಅದು ಯಾವ ಎಣ್ಣೆ ಅಂತ ಇವತ್ತಿಗೂ ಜಗಳ ಇದೆ. ಎಳ್ಳೆಣ್ಣೆ ಅನ್ನುವವರಿದ್ದಾರೆ, ದರ್ಗಾದ ದೀಪದ ಎಣ್ಣೆ ಅನ್ನುವವರಿದ್ದಾರೆ. ಹನಿ ಬಿಟ್ಟು ಕತ್ತರಿಯನ್ನು ಬಿಸಿಲಿಗೆ ಇಟ್ಟ. ಎಣ್ಣೆ ಒಳಗೆ ಇಳಿಯುವ ತನಕ ಕಾದ. ಮತ್ತೊಂದು ಹನಿ ಬಿಟ್ಟ, ಮಗ್ಗುಲು ತಿರುಗಿಸಿ ಇಟ್ಟ, ಮತ್ತೆ ಕಾದ. ಜಗ್ಗಲಿಲ್ಲ, ಬಡಿಯಲಿಲ್ಲ. ಜನ ಬೇಸತ್ತು ಎದ್ದು ಹೋದರು, ಮತ್ತೆ ಬಂದು ಕೂತರು. ಬಿಸಿಲು ಸರಿದ ಹಾಗೆ ರಾಜೇಸಾಬನೂ ಕತ್ತರಿಯ ಜೊತೆ ಕಟ್ಟೆಯ ಮೇಲೆ ಸರಿದ.

ನಡುವೆ ಒಮ್ಮೆ ಮುರಿಗೆಪ್ಪನನ್ನು ಹತ್ತಿರ ಕರೆದ. "ಕೈ ತೋರಸು ತಮ್ಮಾ. ಹೆಬ್ಬೆರಳಿನ ಬುಡ ಯಾಕ ಹಿಂಗ ಬಾತೈತಿ?"

ಮುರಿಗೆಪ್ಪ ತಾಯಿಯ ಕಡೆ ನೋಡಿದ. ಆಮೇಲೆ ಹೆಂಡತಿಯ ಗಂಟಿನ ಕಡೆ ನೋಡಿದ. ಬಾಯಿಯ ಹೊಲಿಗೆ ಅವತ್ತು ಬಿಚ್ಚಿಕೊಂಡಿತು ಅಂತಾರೆ.

"ಹೋದ ವರ್ಷಾನ ಇದು ಬಿಗಿ ಇತ್ತು ಕಾಕಾ" ಅಂದ. "ಅದರ ಹಿಂದಿನ ವರ್ಷಾನೂ ಇತ್ತು. ತಗಿಯೂದರಾಗ ಕೈ ಬಿದ್ದ ಹೋಗ್ತಿತ್ತು. ಅವ್ವಗ ಹೇಳಿದ್ರ ಬೇಜಾರ ಮಾಡ್ಕೊತಾಳ ಅಂತ ಸುಮ್ಮನಿದ್ದೆ."

ಹಾಗಾದರೆ ದಾನವ್ವ ಮುಟ್ಟುವುದಕ್ಕೆ ಮೊದಲೇ ಅದು ಬಿಗಿಯಾಗಿತ್ತು! ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದನ ಮನೆಗೆ ಬರುವ ಹೊತ್ತಿಗೆ ರಾಜೇಸಾಬ ಕತ್ತರಿಯನ್ನು ಎತ್ತಿ ಎರಡೂ ಹಿಡಿಗಳನ್ನು ಮೆಲ್ಲಗೆ ಅಗಲಿಸಿದ. ಕಿರ್ರ್ ಅಂದಿತು. ಕೂದಲೆಳೆಯಷ್ಟು ಬಾಯಿ ತೆರೆಯಿತು. ಮತ್ತೊಂದು ಹನಿ. ಇನ್ನಷ್ಟು ತೆರೆಯಿತು. ಕೊನೆಗೆ ಪೂರ್ತಿ ತೆರೆಯಿತು. ಓಣಿಗೆ ಓಣಿಯೇ ಉಸಿರು ಬಿಟ್ಟದ್ದು ಬಾವಿಯ ತನಕ ಕೇಳಿತಂತೆ.

ಆದರೆ ಅವನ ಕೆಲಸ ಮುಗಿದಿರಲಿಲ್ಲ. ಒಂದು ಬಿಳಿ ಅರಿವೆಯ ತುಂಡು ಕೇಳಿ ಕಟ್ಟೆಯ ಮೇಲೆ ಹಾಸಿದ. ಬಿದಿರಿನ ಸಿಬಿರು ತೆಗೆದುಕೊಂಡು ಮೊಳೆಯ ಸುತ್ತ, ಅಲಗಿನ ಒಳಮಗ್ಗುಲಿನಿಂದ, ಮೆತ್ತಿಕೊಂಡದ್ದನ್ನು ಕೆರೆದು ಕೆರೆದು ಅರಿವೆಯ ಮೇಲೆ ಹಾಕಿದ. ಮೊದಲು ಬಂದದ್ದು ಹೊಸ ಕುಂಕುಮ, ಕೆಂಪಗೆ. ಅದು ದಾನವ್ವನದು, ಒಂದು ಚಿಟಿಕೆ. ಅದರ ಕೆಳಗೆ ಅರಿಶಿನ. ಅದರ ಕೆಳಗೆ ಇಟ್ಟಿಗೆ ಬಣ್ಣದ ತುಕ್ಕು. ಮತ್ತೆ ಕುಂಕುಮ, ಮತ್ತೆ ತುಕ್ಕು, ಮತ್ತೆ ಕುಂಕುಮ. ಒಳಗೆ ಹೋದಷ್ಟೂ ಕಪ್ಪು. ಒಂದು ಚಿಕ್ಕ ಗುಡ್ಡೆಯೇ ಆಯಿತು. ಇದು ಯಾರದು, ಎಂದಿನದು ಅಂತ ರಾಜೇಸಾಬ ಒಂದು ಮಾತನ್ನೂ ಆಡಲಿಲ್ಲ. ಕೆರೆಯುತ್ತಲೇ ಇದ್ದ.

ಎಲ್ಲಕ್ಕಿಂತ ಒಳಗೆ, ಮೊಳೆಯ ಬುಡದಲ್ಲಿ, ಕಿತ್ತಳೆ ಬಣ್ಣದ ಒಂದು ಚೂರು ಸಿಕ್ಕಿತು. ಅಷ್ಟು ವರ್ಷ ಬಣ್ಣ ಹೇಗೆ ಉಳಿಯಿತು ಅಂತ ನನ್ನನ್ನು ಕೇಳಬೇಡಿ. ಉಳಿದಿತ್ತು ಅಂತಾರೆ.

ಬಸಲಿಂಗವ್ವ ಬಗ್ಗಿ ನೋಡಿದಳು. ಬೆರಳ ತುದಿಯಿಂದ ಮುಟ್ಟಿದಳು.

"ಇದು ನನ್ನ ಕುಂಕುಮ" ಅಂದಳು.

ಅವಳೇ ಹೇಳಿದಳು. ತಾನು ಸೊಸೆಯಾಗಿ ಬಂದ ಮೊದಲ ವರ್ಷ, ಕತ್ತರಿಗೆ ಹೊಸ ಮೊಳೆ ಹಾಕಿಸಿದ ಆ ವರ್ಷವೇ, ಕುಂಕುಮ ತಾನೇ ಕಲಸಿದ್ದಳಂತೆ. ಅರಿಶಿನಕ್ಕೆ ಸುಣ್ಣ ಕಡಿಮೆ ಬಿದ್ದು ಕೆಂಪಾಗುವ ಬದಲು ಕಿತ್ತಳೆ ಬಣ್ಣವಾಗಿತ್ತಂತೆ. ಅವಳ ಅತ್ತೆ ಓಣಿಗೆಲ್ಲ ಕೇಳುವ ಹಾಗೆ ಬೈದಿದ್ದಳಂತೆ. ಬೇರೆ ಕುಂಕುಮ ಇಲ್ಲದ್ದಕ್ಕೆ ಆ ನವಮಿಗೆ ಅದನ್ನೇ ಮೆತ್ತಿದ್ದಳಂತೆ, ಅಳುತ್ತ ಅಳುತ್ತ.

"ಅವತ್ತಿನಿಂದ ತುಂಬಿಕೋತ ಬಂದೈತಿ" ಅಂದಳು ಬಸಲಿಂಗವ್ವ. ಗುಡ್ಡೆಯನ್ನು ಇನ್ನೊಮ್ಮೆ ನೋಡಿದಳು. "ಒಂದ ಚಿಟಿಕಿ ಈಕೀದು. ಉಳಿದದ್ದು ಪೂರಾ ನನ್ನದು. ಹಂಗಾದ್ರ ಗಾಡಿಯೊಳಗ ನನ್ನೂ ಕೂಡಸ್ರಿ. ನನ್ನೂ ತವರಿಗೆ ಕಳಸ್ರಿ. ಅಲ್ಲೇನ, ಯಾರೂ ಇಲ್ಲ, ಬೇವಿನ ಗಿಡ ಒಂದ ಉಳದೈತಿ. ಅದರ ಬುಡಕ್ಕ ಇಬ್ರೂ ಕೂಡ್ತೀವಿ."

ಮೊದಲು ನಕ್ಕವಳು ದಾನವ್ವ ಅಂತಾರೆ. ನಕ್ಕು, ನಕ್ಕದ್ದಕ್ಕೆ ಹೆದರಿ ಸೆರಗು ಬಾಯಿಗೆ ಒತ್ತಿಕೊಂಡಳಂತೆ. ಅದನ್ನು ಕಂಡು ಬಸಲಿಂಗವ್ವನೂ ನಕ್ಕಳು. ಆಮೇಲೆ ಓಣಿಯೆಲ್ಲ ನಕ್ಕಿತು. ಬಸಲಿಂಗವ್ವ ತಾನೇ ಹೋಗಿ ಸೊಸೆಯ ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹಾಕಿ ಬಂದಳು. ಮುರಿಗೆಪ್ಪ ಕೊಟ್ಟಿಗೆಗೆ ಓಡಿಹೋಗಿ ಎತ್ತುಗಳಿಗೆ ಕೈತುಂಬ ಹಿಂಡಿ ಹಾಕಿದನಂತೆ, ಅವೇ ಏನೋ ಉಪಕಾರ ಮಾಡಿದ ಹಾಗೆ.

ಆದರೆ ಬಸಲಿಂಗವ್ವನಿಗೆ ಒಂದು ಮುಳ್ಳು ಉಳಿದಿತ್ತು. ರಾಜೇಸಾಬನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು. "ಹಂಗಾದ್ರ ದೇವಿ ಹರಿತ ಉಣ್ಣೂದು ಸುಳ್ಳೇನೋ?"

ರಾಜೇಸಾಬ ಹೆದರಿದ. ಗಡ್ಡ ನೀವಿಕೊಂಡ. ಆಮೇಲೆ ಅಂದ, "ಎವ್ವಾ, ಆಕೀ ಕೈತುಂಬ ಎಷ್ಟ ಆಯುಧ ಅದಾವ ನೀವ ಪೂಜಿ ಮಾಡ್ತೀರಿ. ಅಷ್ಟ ಹರಿತ ಇಟ್ಟುಕೊಂಡಾಕೀ, ನಿಮ್ಮ ಹೊಟ್ಟಿ ತುಂಬಸೂ ಕತ್ತರೀ ಹರಿತಕ್ಕ ಬಾಯಿ ಬಿಡತಾಳೇನು?"

ಬಸಲಿಂಗವ್ವ ಯೋಚಿಸಿದಳು. ಇಲ್ಲ, ಬಿಡುವುದಿಲ್ಲ ಅಂತ ಅವಳಿಗೂ ಅನ್ನಿಸಿತು. ಎದೆಯ ಮೇಲಿನ ಭಾರ ಆಗಲೇ ಇಳಿಯಿತಂತೆ.

ಮರುದಿನ ಬೆಳಿಗ್ಗೆ ರಾಜೇಸಾಬ ಗಾಲಿ ತಿರುಗಿಸಿದ. ಅಲಗಿನ ಹೊರಗಿನ ಇಳಿಜಾರಿಗೆ ಮಾತ್ರ ಕಲ್ಲು ತಾಗಿಸಿದ. ಒಳಮಗ್ಗುಲಿಗೆ ಮುಟ್ಟಿಸಲಿಲ್ಲ. ಅದನ್ನು ಸವೆಸಿದರೆ ಎರಡು ಅಲಗು ಒಂದನ್ನೊಂದು ಕೂಡುವುದಿಲ್ಲ, ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತವೆ ಅಂತ ಮೌನಪ್ಪನಿಗೂ ತೋರಿಸಿಕೊಟ್ಟ. ಮೌನಪ್ಪ ಸುತ್ತಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೇಳಿದನಂತೆ. ಸಾಣೆ ಮುಗಿದ ಮೇಲೆ ಬಸಲಿಂಗವ್ವ ಕುಬಸದ ಒಂದು ಹೊಸ ಖಣ ತಂದು ಹಾಸಿ, ಕತ್ತರಿಯನ್ನು ಸೊಸೆಯ ಮುಂದೆ ಇಟ್ಟಳು. ಆ ವರ್ಷದ ಮೊದಲ ಬಟ್ಟೆಯನ್ನು ದಾನವ್ವ ಕತ್ತರಿಸಿದಳು. ಎಳೆಯ ಸೌತೆಕಾಯಿ ಮುರಿದ ಹಾಗೆ ಸದ್ದು ಬಂತು. ಅದರ ಹಿಂದೆಯೇ ಓಣಿಯ ಎಲ್ಲ ಮನೆಗಳಲ್ಲೂ ಕತ್ತರಿಗಳು ಮಾತಾಡತೊಡಗಿದವು.

ಹೊರಡುವ ಮುಂಚೆ ರಾಜೇಸಾಬ ಹೆಂಗಸರಿಗೆಲ್ಲ ಹೇಳಿದನಂತೆ. ಪೂಜೆ ಬಿಡಬೇಡಿ. ಕುಂಕುಮವನ್ನು ಕತ್ತರಿ ಇಡುವ ಮಣೆಗೆ ಹಚ್ಚಿರಿ, ಕಬ್ಬಿಣಕ್ಕೆ ಬೇಡ. ನೀರು ಹಾಲೂ ಬೇಡ, ಬಾಯಿಯನ್ನೂ ಮುಚ್ಚಿಡಬೇಡಿ. ಮೊಳೆಗೆ ಒಂದು ಹನಿ ಎಣ್ಣೆ ಬಿಡಿ, ಬಾಯಿ ಆಡಿಸಿ, ಹೆಚ್ಚಾದದ್ದನ್ನು ಒರೆಸಿರಿ, ಇಲ್ಲದಿದ್ದರೆ ಬಟ್ಟೆಗೆ ಕಲೆ ಹತ್ತುತ್ತದೆ. ದಿನದ ಕೆಲಸ ಮುಗಿದ ಮೇಲೆ ಒಣ ಅರಿವೆಯಿಂದ ಒರೆಸಿಡಿ. ಬಟ್ಟೆಯ ಕತ್ತರಿ ಬಟ್ಟೆಗೆ ಮಾತ್ರ. ಹಗ್ಗಕ್ಕಿಲ್ಲ, ತೊಗಲಿಗಿಲ್ಲ, ಕೂದಲಿಗಿಲ್ಲ.

ಆಗ ಮೌನಪ್ಪ ಚುಡಾಯಿಸಿದ. "ಅಲ್ಲೋ ಸಾಬಣ್ಣ, ನಿನ್ನ ಹೊಟ್ಟಿ ಮ್ಯಾಲ ನೀನ ಬಡಕೊಂಡ್ಯಲ್ಲೋ. ಎಲ್ಲಾರ ಕತ್ತರೀನೂ ಹರಿತ ಉಳದ್ರ ನಿನ್ನನ್ಯಾರು ಕರೀತಾರ?"

"ಊರಾಗ ಗಂಡಸರಿಗೆ ಮೀಸಿ ಇರೂತನಕ ಕತ್ತರಿ ಮೊಂಡ ಆಗೇ ಆಗ್ತಾವ ಬಿಡಪಾ" ಅಂದನಂತೆ ರಾಜೇಸಾಬ.

ಅದೇನೂ ಪೂರ್ತಿ ತಮಾಷೆಯಲ್ಲ. ಮುಂದಿನ ವರ್ಷದಿಂದ ಅವನಿಗೆ ಅಲ್ಲಿ ಕೆಲಸ ನಿಜವಾಗಿಯೂ ಕಡಿಮೆಯಾಯಿತು. ಆದರೂ ಅವನು ಬರುವುದನ್ನು ಬಿಡಲಿಲ್ಲ, ಓಣಿಯವರು ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ದಾನವ್ವ ಪ್ರತಿ ವರ್ಷ ಅವನಿಗೊಂದು ಅಂಗಿ ಹೊಲಿದಿಡುತ್ತಿದ್ದಳಂತೆ, ಎಣ್ಣೆ ಕುಪ್ಪಿಗೆ ಬೇರೆ ಜೇಬು ಇಟ್ಟು. ಒಂದು ವರ್ಷ ಅವನು ಬರಲಿಲ್ಲ. ಎಲ್ಲಿ ತೀರಿಕೊಂಡ, ಯಾವ ಊರಿನ ಮಣ್ಣು ಸೇರಿದ, ಯಾರಿಗೂ ಗೊತ್ತಿಲ್ಲ. ಆ ವರ್ಷದ ಅಂಗಿ ಬಹಳ ದಿನ ಗೂಟದ ಮೇಲೆಯೇ ಇತ್ತು ಅಂತಾರೆ.

ಈಗ ಮರಳಗಟ್ಟಿಯ ಆ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹೊಲಿಗೆ ಯಂತ್ರ ಬಂದಿದೆ. ಆದರೂ ನವಮಿಯ ದಿನ ಹೋಗಿ ನೋಡಿರಿ. ಕುಂಕುಮ ಮಣೆಗೆ ಹಚ್ಚಿರುತ್ತಾರೆ, ಕತ್ತರಿಗೆ ಅಲ್ಲ. ಸುತ್ತಲಿನ ಊರುಗಳಲ್ಲೆಲ್ಲ ಜಗಳಕ್ಕೆ ಹೆದರಿ ಕತ್ತರಿಯ ಬಾಯಿ ಮುಚ್ಚಿ ಮಲಗಿಸಿದರೆ, ಅಲ್ಲಿ ಮಾತ್ರ ಅರ್ಧ ತೆರೆದೇ ಇಡುತ್ತಾರೆ. ಮೊಳೆಗೆ ಎಣ್ಣೆ ಬಿಡುವುದು ಮನೆಯ ಕಿರಿಯ ಸೊಸೆ. ರಾಜೇಸಾಬನ ಹನಿ ಅಂತಲೇ ಅದಕ್ಕೆ ಹೆಸರು. ಅವಳು ಹನಿ ಬಿಟ್ಟು ಕತ್ತರಿಯ ಬಾಯಿ ಆಡಿಸುವಾಗ, ಬಿಳಿ ಅರಿವೆ ಹಿಡಿದು ಪಕ್ಕದಲ್ಲಿ ನಿಲ್ಲಬೇಕಾದವಳು ಅತ್ತೆ. ಮೊಳೆಯ ಸುತ್ತ ಅತ್ತೆಯೇ ಒರೆಸಬೇಕು, ಒರೆಸಿದ ಅರಿವೆಯನ್ನು ಬಾಗಿಲಿಗೆ ತಂದು ಓಣಿಗೆಲ್ಲ ತೋರಿಸಬೇಕು. ಅರಿವೆ ಬೆಳ್ಳಗೆ ಬಂದರೆ ಒಳ್ಳೆಯದು. ಕಲೆ ಹತ್ತಿದ್ದರೂ ಅತ್ತೆ ಸೊಸೆಯ ಕಡೆ ನೋಡುವ ಹಾಗಿಲ್ಲ. "ಇದು ನನ್ನ ಕುಂಕುಮ" ಅಂತ ಅವಳೇ ಗಟ್ಟಿಯಾಗಿ ಹೇಳಿ, ಇನ್ನೊಂದು ಹನಿ ಬಿಡಲು ಸೊಸೆಗೆ ಕುಪ್ಪಿ ಕೊಡಬೇಕು.